ಮನೆಯಲ್ಲೇ ಕೈಮ ಸಮೋಸ



ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಹಿಡಿದರೆ ಬಿಡುವುದಿಲ್ಲ. ಮೂಡಿಗೆರೆ, ಕಳಸದ ಕಡೆ ಹಗಲೂ ರಾತ್ರಿ ಹಂಚಿನ ಮೇಲೆ ಸುರಿಯುತ್ತಲೇ ಇರುತ್ತದೆ. ಅಂಥ ಸಂಜೆ ಬಿಸಿ ಕಾಫಿ ಜೊತೆ ಬಿಸಿ ಸಮೋಸ ಸಿಕ್ಕರೆ ಯಾರು ಬೇಡ ಅಂತಾರೆ? ಆದರೆ ಮನೆಯಲ್ಲಿ ಐದಾರು ಜನ ಇದ್ದರೆ ಪೇಟೆಯಿಂದ ಕೊಂಡು ತಿನ್ನುವುದು ಕಷ್ಟ. ಮನೆಯಲ್ಲೇ ಮಾಡೋಣ.

ಕೈಮ ಅಂದರೆ ಸಣ್ಣಗೆ ಕೊಚ್ಚಿದ ಮಾಂಸ. ಕೈಮ ಉಂಡೆ ಮಾಡುವವರಿಗೆ ಇದು ಹೊಸದಲ್ಲ.

ಸಮೋಸ ಅಂದರೆ ಆಲೂಗಡ್ಡೆ ಅಂತ ಈಗ ಎಲ್ಲರೂ ತಿಳಿದಿದ್ದಾರೆ. ಆದರೆ ಮಾಂಸದ ಸಮೋಸವೇ ಹಳೆಯದು. ಸುಮಾರು 700 ವರ್ಷದ ಹಿಂದೆ ಇಬ್ನ್ ಬತೂತ ಎಂಬ ಪ್ರವಾಸಿ ಮೊರಾಕೊ ದೇಶದಿಂದ ಭಾರತಕ್ಕೆ ಬಂದ. ನಮ್ಮ ಹೊನ್ನಾವರ, ಮಂಗಳೂರನ್ನೂ ನೋಡಿದ. ದೆಹಲಿಯ ಸುಲ್ತಾನನ ಊಟದಲ್ಲಿ ಕಂಡ ಒಂದು ತಿಂಡಿಯ ಬಗ್ಗೆ ಬರೆದಿದ್ದಾನೆ. ಕೊಚ್ಚಿದ ಮಾಂಸಕ್ಕೆ ಈರುಳ್ಳಿ, ಬಾದಾಮಿ, ಮಸಾಲೆ ಸೇರಿಸಿ, ತೆಳುವಾದ ರೊಟ್ಟಿಯಲ್ಲಿ ಮಡಿಸಿ, ತುಪ್ಪದಲ್ಲಿ ಕರಿಯುತ್ತಿದ್ದರಂತೆ. ಆಗ ನಮ್ಮ ದೇಶದಲ್ಲಿ ಆಲೂಗಡ್ಡೆಯೂ ಇರಲಿಲ್ಲ, ಹಸಿಮೆಣಸೂ ಇರಲಿಲ್ಲ. ಅವೆರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ ಮೇಲೆ, ಅಂದರೆ 1500ರ ನಂತರ, ಇಲ್ಲಿಗೆ ಬಂದವು. ಅದಕ್ಕೂ ಮೊದಲು ಖಾರಕ್ಕೆ ಇದ್ದದ್ದು ಕಾಳುಮೆಣಸು. ಅದು ನಮ್ಮ ಘಟ್ಟದ್ದೇ ಬಳ್ಳಿ. ಈಗಲೂ ಕಾಫಿ ತೋಟದ ಮರಗಳಿಗೆ ಹಬ್ಬಿಸುತ್ತೇವೆ. ಏಲಕ್ಕಿ, ಶುಂಠಿಯೂ ನಮ್ಮಲ್ಲೇ ಬೆಳೆಯುತ್ತವೆ. ಆದ್ದರಿಂದ ಈ ಸಮೋಸಕ್ಕೆ ಕಾಳುಮೆಣಸು ಜಾಸ್ತಿ, ಹಸಿಮೆಣಸು ಕಮ್ಮಿ ಹಾಕಿ ನೋಡಿ. ನಮಗಂತೂ ಅದೇ ರುಚಿ.

ಬೇಕಾದದ್ದು ಇಷ್ಟು. ಅರ್ಧ ಕೆ.ಜಿ. ಕೈಮ. ಕುರಿ, ಆಡು, ಕೋಳಿ, ಯಾವುದಾದರೂ ಆಗುತ್ತದೆ. ಅರ್ಧ ಕೆ.ಜಿ. ಮೈದಾ. ದೊಡ್ಡ ಈರುಳ್ಳಿ ಮೂರು. ಹಸಿಮೆಣಸು ಎರಡು. ಒಂದು ಹೆಬ್ಬೆರಳು ಗಾತ್ರದ ಶುಂಠಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ. ಒಂದು ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಕೊತ್ತಂಬರಿ ಪುಡಿ, ಚಿಟಿಕೆ ಅರಿಶಿನ. ಚಕ್ಕೆ, ಲವಂಗ, ಏಲಕ್ಕಿ ಸ್ವಲ್ಪ ಸ್ವಲ್ಪ ಕುಟ್ಟಿ. ಕೊತ್ತಂಬರಿ ಸೊಪ್ಪು, ಪುದೀನ, ಒಂದು ನಿಂಬೆಹಣ್ಣು, ಉಪ್ಪು, ಎಣ್ಣೆ. ಇದರಲ್ಲಿ ಸುಮಾರು 30 ಸಮೋಸ ಆಗುತ್ತದೆ.

ಮಾಂಸ ತರುವಾಗ ತಕ್ಕಡಿ ನೋಡಬೇಕು. ಈ ಮಾತು ನಮಗೆ ಕಲಿಸಿದ್ದು ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ. ಅವರು ಲೈನು ಮನೆಯವರು. ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿಯಾದಾಗ ಸಮೋಸ ಕರಿದು ಒಂದು ಚಾ ಅಂಗಡಿಗೆ ಕೊಡುತ್ತಿದ್ದರು. ಅಂಗಡಿಯವರಿಗೆ ದಿನಾ 30 ಬೇಕು. ಇವರಿಗೆ ಆಗುತ್ತಿದ್ದದ್ದು 24, ಇಲ್ಲಾಂದ್ರೆ 25. ಕೊರತೆ ಬಿದ್ದಷ್ಟಕ್ಕೂ ದುಡ್ಡು ಕಡಿತ. "ನಿನ್ನ ಕೈ ದೊಡ್ಡದು, ಪಲ್ಯ ಜಾಸ್ತಿ ತುಂಬ್ತೀಯ" ಅಂತ ಮನೆಯಲ್ಲಿ ಬೈಗುಳ ಬೇರೆ. ತಮ್ಮದೇ ತಪ್ಪು ಅಂತ ಅವರೂ ನಂಬಿದ್ದರು.

ಆ ತಿಂಗಳು ನಾವು ಕೇಂದ್ರದಲ್ಲಿ ಪಾಯಿಂಟ್ ಅಂಕಿ ಹೇಳಿಕೊಡುತ್ತಿದ್ದೆವು. ಕರೆಂಟಿನ ತಕ್ಕಡಿಯಲ್ಲಿ ಅರ್ಧ ಕೆ.ಜಿ. ಅಂದರೆ 0.500 ಅಂತ ಬರಬೇಕು. ಮಾರನೆಯ ದಿನ ಅಕ್ಕ ಮಾಂಸದ ಅಂಗಡಿಯಲ್ಲಿ ತಕ್ಕಡಿಯ ಕೆಂಪು ಅಂಕಿ ನೋಡಿದರು. 0.410 ಅಂತ ಇತ್ತು. ಗಟ್ಟಿಯಾಗಿ ಓದಿದರು. "ಅಣ್ಣಾ, ಇನ್ನೂ 90 ಗ್ರಾಂ ಬರಬೇಕಲ್ಲ" ಅಂದರು. ಅವನು ನಗುತ್ತಾ ಇನ್ನೊಂದು ತುಂಡು ಹಾಕಿದನಂತೆ. ಅದು ನಗುವೋ ನಾಚಿಕೆಯೋ ನಾವು ನೋಡಿಲ್ಲ. ಆ ದಿನ 30 ಸಮೋಸ ಆಯಿತು.

ಮಾಂಸವನ್ನು ಮೊದಲು ತೊಳೆದು, ನೀರು ಇಳಿಸಿ, ಆಮೇಲೆ ಕೊಚ್ಚಿಸಿ. ಕೊಚ್ಚಿದ ಮೇಲೆ ತೊಳೆದರೆ ನೀರು ಒಳಗೇ ನಿಲ್ಲುತ್ತದೆ. ಇಡೀ ತುಂಡಿಗಿಂತ ಕೈಮ ಬೇಗ ಕೆಡುತ್ತದೆ. ಮನೆಗೆ ತಂದ ಕೂಡಲೇ ಬೇಯಿಸಿ. ಹಸಿ ಮಾಂಸ ಮುಟ್ಟಿದ ಕೈ, ಕತ್ತಿ, ಮಣೆ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಅದೇ ಮಣೆ ಮೇಲೆ ಸೊಪ್ಪು ಹೆಚ್ಚಬೇಡಿ.

ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ. ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿ. ಅರ್ಧದಷ್ಟು ಈರುಳ್ಳಿ ಹಾಕಿ ಬಾಡಿಸಿ. ಕೈಮ, ಉಪ್ಪು, ಪುಡಿಗಳನ್ನು ಹಾಕಿ. ಮಾಂಸದ ಕೆಂಪು ಬಣ್ಣ ಪೂರ್ತಿ ಹೋಗಬೇಕು. ಬಿಟ್ಟ ನೀರೆಲ್ಲ ಇಂಗಬೇಕು. ಬಾಣಲೆ ಓರೆ ಮಾಡಿದರೆ ನೀರು ಹರಿಯಬಾರದು. ಇಳಿಸಿ, ಉಳಿದ ಹಸಿ ಈರುಳ್ಳಿ, ಹಸಿಮೆಣಸು, ಸೊಪ್ಪು ಸೇರಿಸಿ, ನಿಂಬೆ ಹಿಂಡಿ. ತಟ್ಟೆಯಲ್ಲಿ ಹರಡಿ ಆರಲು ಬಿಡಿ.

ಆರಲೇಬೇಕು. ಮೊದಲ ಸಲ ನಾವು ಅವಸರ ಮಾಡಿ ಬಿಸಿಯದನ್ನೇ ತುಂಬಿದೆವು. ಹಬೆಗೆ ಹಿಟ್ಟು ನೆನೆದು, ಎಣ್ಣೆಗೆ ಬಿಟ್ಟ ಕೂಡಲೇ ಎಲ್ಲ ಬಾಯಿ ಬಿಟ್ಟವು. ಕೈಮ ಎಣ್ಣೆಯಲ್ಲಿ ತೇಲಿತು. ಒಂದು ಬಾಣಲೆ ಎಣ್ಣೆ ಹಾಳು.

ಮೈದಾಕ್ಕೆ ಉಪ್ಪು, ನಾಲ್ಕು ಚಮಚ ಬಿಸಿ ಎಣ್ಣೆ ಹಾಕಿ ತಿಕ್ಕಿ. ಹಿಟ್ಟನ್ನು ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು. ಸ್ವಲ್ಪ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಿ. 15 ಉಂಡೆ ಮಾಡಿ. ಪ್ರತಿ ಉಂಡೆಯನ್ನೂ ಗೇಣಿಗಿಂತ ಸ್ವಲ್ಪ ಕಮ್ಮಿ ಅಗಲಕ್ಕೆ ಲಟ್ಟಿಸಿ, ನಡುವೆ ಕತ್ತರಿಸಿ. ಎರಡು ಅರ್ಧ ಚಂದ್ರ ಸಿಗುತ್ತದೆ. ನೇರ ಅಂಚಿಗೆ ನೀರು ಸವರಿ, ಸಂತೆಯಲ್ಲಿ ಕಡಲೆಬೀಜ ಕೊಡುವ ಪೊಟ್ಟಣದ ಹಾಗೆ ಸುತ್ತಿ. ಒಂದು ದೊಡ್ಡ ಚಮಚ ಕೈಮ ತುಂಬಿ. ಬಾಯಿಗೆ ನೀರು ಸವರಿ ಒತ್ತಿ ಮುಚ್ಚಿ. ಎಲ್ಲೂ ತೂತು ಇರಬಾರದು.

ಬಾಣಲೆಗೆ ಅರ್ಧದಷ್ಟು ಮಾತ್ರ ಎಣ್ಣೆ ಹಾಕಿ. ಹಿಟ್ಟಿನ ಚೂರು ಬಿಟ್ಟು ನೋಡಿ. ಅದು ನಿಧಾನವಾಗಿ ಮೇಲೆ ಬರಬೇಕು. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು. ಸೌದೆ ಒಲೆಯಾದರೆ ಒಂದು ಕೊಳ್ಳಿ ಹೊರಗೆಳೆಯಿರಿ. ಎಂಟು ಹತ್ತು ನಿಮಿಷ ತಿರುಗಿಸುತ್ತಾ ಕರಿಯಿರಿ. ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಬೆಂಕಿ ಸಿಡಿದು ಮೈಮೇಲೆ ಬರುತ್ತದೆ. ತಟ್ಟೆ ಮುಚ್ಚಿ, ಗ್ಯಾಸ್ ಆರಿಸಿ ಇಲ್ಲವೇ ಕೊಳ್ಳಿ ಎಳೆಯಿರಿ. ಕಪ್ಪಾದ ಎಣ್ಣೆಯನ್ನು ಮತ್ತೆ ಬಳಸಬೇಡಿ.

ಮಾರುವವರು ಒಂದು ನೋಟ್‌ಬುಕ್ ಇಡಿ. ಮಾಂಸ, ಮೈದಾ, ಎಣ್ಣೆ, ಈರುಳ್ಳಿ ಮತ್ತು ಮಸಾಲೆ, ಸೌದೆ ಅಥವಾ ಗ್ಯಾಸ್, ಒಂದೊಂದರ ದುಡ್ಡನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಅವುಗಳ ಕೆಳಗೆ ನಿಮ್ಮ ಕೂಲಿಯನ್ನೂ ಬರೆಯಿರಿ. ಎರಡು ಗಂಟೆ ಒಲೆ ಮುಂದೆ ನಿಂತದ್ದು ಕೆಲಸವೇ. ಇದನ್ನು ಎಲ್ಲರೂ ಮರೀತಾರೆ. ಒಟ್ಟು ಕೂಡಿ 30ರಿಂದ ಭಾಗಿಸಿ. ಆ ದುಡ್ಡಿಗಿಂತ ಕಮ್ಮಿಗೆ ಕೊಟ್ಟರೆ ನಷ್ಟ ನಿಮ್ಮದೇ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ, ಮನೆಯಲ್ಲಿ ಮಾಡಿ ಮಾರುವ ಸಣ್ಣವರೂ ಹೆಸರು ನೋಂದಾಯಿಸಬೇಕು.

ಕರಿದದ್ದನ್ನು ಬಿಸಿಯಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಮೆತ್ತಗಾಗುತ್ತದೆ. ಮಾಂಸದ ತಿಂಡಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ನಾಳೆಗೆ ಅಂತ ಉಳಿಸಬೇಡಿ. ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ.