ಸ್ವಿಚ್ಚಿನಲ್ಲಿ ಯಾರಿಗೆ ಎಷ್ಟು ಅಧಿಕಾರ: ಬಳಕೆದಾರ ಖಾತೆ ಮತ್ತು ಅನುಮತಿಗಳು

ಕನ್ನಡ ಎಂ.ಎ. ಓದುವವಳಿಗೆ ನೆಟ್‌ವರ್ಕ್ ಸ್ವಿಚ್ಚಿನ ಉಸಾಬರಿ ಎಂತಕ್ಕೆ ಅಂತ ಕೇಳಬಹುದು. ಕಾರಣ ಉಂಟು. ಕಾಸರಗೋಡಿನ ಹಳ್ಳಿಗಳಲ್ಲಿ ನಾವು ಧ್ವನಿಮುದ್ರಿಸಿದ ಹಿರಿಯರ ಹಾಡು, ಮಾತುಕತೆ ಎಲ್ಲ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಅದಕ್ಕೆ ದಾರಿ ಒಂದು ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್ಚಿನ ಮೂಲಕ. ಸ್ವಿಚ್ಚಿಗೆ ಇದ್ದದ್ದು ಒಂದೇ ಪಾಸ್‌ವರ್ಡ್, ಬ್ಯಾಚಿನಿಂದ ಬ್ಯಾಚಿಗೆ ಬಾಯಿಂದ ಬಾಯಿಗೆ ಬಂದದ್ದು. ಒಂದು ಸಂಜೆ ಕಡತಗಳ ವರ್ಗಾವಣೆ ನಡೆಯುವಾಗ ಯಾರೋ ಆ ಪೋರ್ಟನ್ನು ಮುಚ್ಚಿದರು. ರೆಕಾರ್ಡರಿನ ಕಾರ್ಡನ್ನು ಮರುದಿನ ನಾವೇ ಅಳಿಸಿದ್ದೆವು, ಪೂರ್ತಿ ಹೋಗಿದೆ ಅಂತ ನಂಬಿ. ಎರಡು ಸಂದರ್ಶನ ಅರ್ಧಕ್ಕೇ ನಿಂತವು. ಅವರಲ್ಲಿ ಒಬ್ಬರು ಈಗ ಇಲ್ಲ.

ಮುಚ್ಚಿದವರು ಯಾರು ಅಂತ ಗೊತ್ತಾಗಲಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡಿನಲ್ಲಿ ಒಳಗೆ ಹೋಗುವವರು, ದಾಖಲೆಯಲ್ಲಿ ಹೆಸರು ಎಲ್ಲಿಂದ ಬರಬೇಕು?

ಹಾಗಾಗಿ ಮೊದಲ ಕೆಲಸ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ. 'ಯೂಸರ್‌ನೇಮ್' ಆಜ್ಞೆಯ ಜೊತೆ 'ಪಾಸ್‌ವರ್ಡ್' ಬದಲು 'ಸೀಕ್ರೆಟ್' ಅಂತ ಕೊಡಬೇಕು. 'ಪಾಸ್‌ವರ್ಡ್' ಅಂದರೆ ಅದು ಇದ್ದ ಹಾಗೇ, ಅಥವಾ ಟೈಪ್ 7 ಎಂಬ ಸುಲಭವಾಗಿ ಬಿಡಿಸಬಹುದಾದ ರೂಪದಲ್ಲಿ ಉಳಿಯುತ್ತದೆ. 'ಸೀಕ್ರೆಟ್' ಆದರೆ ಹಿಂದಕ್ಕೆ ತಿರುಗಿಸಲಾಗದ ಹ್ಯಾಶ್. ಆಮೇಲೆ ವಿಟಿವೈ ಲೈನುಗಳಲ್ಲಿ 'ಲಾಗಿನ್ ಲೋಕಲ್' ಕೊಟ್ಟರೆ ಮಾತ್ರ ಸ್ವಿಚ್ ಹೆಸರು ಕೇಳುತ್ತದೆ. ಬರೀ 'ಲಾಗಿನ್' ಅಂದರೆ ಹಳೆಯ ಲೈನ್ ಪಾಸ್‌ವರ್ಡೇ ಗತಿ. ಈ ಕ್ರಮ ತಪ್ಪಬಾರದು: ಖಾತೆ ಮಾಡದೆ 'ಲಾಗಿನ್ ಲೋಕಲ್' ಹಾಕಿದರೆ ನಾವೇ ಹೊರಗೆ. ಕನ್ಸೋಲ್ ಕೇಬಲ್ ಸಿಕ್ಕಿಸಿಟ್ಟುಕೊಂಡೇ ಕೂತುಕೊಳ್ಳಿ.

ನಾನು ಎಡವಿದ್ದು ಬೇರೆ ಕಡೆ. ಸ್ವಿಚ್ಚಿನಲ್ಲಿ ವಿಟಿವೈ ಲೈನುಗಳು ಒಟ್ಟು 16, ಆದರೆ ಸಂರಚನೆಯಲ್ಲಿ 0ರಿಂದ 4 ಒಂದು ಕಡೆ, 5ರಿಂದ 15 ಇನ್ನೊಂದು ಕಡೆ ಕಾಣಿಸುತ್ತವೆ. ನಾನು ಮೊದಲ ಐದನ್ನು ಸರಿಮಾಡಿ ನಿಶ್ಚಿಂತೆಯಿಂದ ಊಟಕ್ಕೆ ಹೋದೆ. ಐದು ಜನ ಒಳಗಿದ್ದಾಗ ಆರನೆಯವರು ಬಂದರೆ ಅವರಿಗೆ ಹಳೆಯ ಪಾಸ್‌ವರ್ಡೇ ಸಾಕಾಗುತ್ತಿತ್ತು ಮಾರಾಯ್ರೆ! ಎರಡೂ ಭಾಗಕ್ಕೆ ಒಂದೇ ನಿಯಮ ಹಾಕಬೇಕು. ಜೊತೆಗೆ ಟೆಲ್ನೆಟ್ ಬಿಟ್ಟು ಎಸ್‌ಎಸ್‌ಎಚ್ ಮಾತ್ರ ಬಿಡಬೇಕು, ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬತ್ತಲೆಯಾಗಿಯೇ ಹೋಗುತ್ತದೆ.

ಇನ್ನು ಅಧಿಕಾರದ ಮಟ್ಟ. 0ರಿಂದ 15ರ ತನಕ ಉಂಟು. 1 ಅಂದರೆ ನೋಡುವವರು, 15 ಅಂದರೆ ಎಲ್ಲವನ್ನೂ ಮಾಡಬಲ್ಲವರು. 2ರಿಂದ 14 ನಾವು ತುಂಬಿಸಿಕೊಳ್ಳಬೇಕಾದ ಖಾಲಿ ಮೆಟ್ಟಿಲುಗಳು. 'ಪ್ರಿವಿಲೇಜ್' ಆಜ್ಞೆಯಿಂದ ಇಂಥ ಆಜ್ಞೆ 5ನೇ ಮಟ್ಟಕ್ಕೆ ಅಂತ ಹಂಚಬಹುದು. ಸಹಪಾಠಿಗಳಿಗೆ 5 ಕೊಟ್ಟು, 'ಶೋ ರನ್ನಿಂಗ್ ಕಾನ್ಫಿಗ್' ಆಜ್ಞೆಯನ್ನೂ ಆ ಮಟ್ಟಕ್ಕೆ ಇಳಿಸಿದೆ. ಅವರು ಕೊಟ್ಟು ನೋಡಿದರೆ ಹೆಚ್ಚುಕಡಿಮೆ ಖಾಲಿ ಪುಟ! ಕೆಟ್ಟುಹೋಯಿತು ಅಂತ ಗಾಬರಿ. ವಿಷಯ ಇಷ್ಟೇ: ಆ ಮಟ್ಟದವರು ಬದಲಾಯಿಸಬಲ್ಲ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ. ತಿದ್ದಲು ಹಕ್ಕಿಲ್ಲದವರಿಗೆ ಓದಲೂ ಇಲ್ಲ. ಪಠ್ಯಸಂಪಾದನೆ ಓದುವ ನನಗೆ ಇದು ವಿಚಿತ್ರ ಅನ್ನಿಸಿತು, ಆದರೆ ಅಲ್ಲಿ ಇತರರ ಹ್ಯಾಶ್‌ಗಳೂ ಇರುತ್ತವಲ್ಲ, ಅರ್ಥ ಆಗುತ್ತದೆ.

ಪೋರ್ಟ್ ಮುಚ್ಚುವ 'ಶಟ್‌ಡೌನ್' ಈಗ ನಮ್ಮಲ್ಲಿ 15ರವರಿಗೆ ಮಾತ್ರ. ಅಂಥವರು ಇಬ್ಬರು, ನಾನು ಮತ್ತು ಒಬ್ಬರು ಅಧ್ಯಾಪಕರು. ಯಾರಾದರೂ ಸಂರಚನೆ ಮುಟ್ಟಿ ಹೊರಬಂದರೆ ಲಾಗ್‌ನಲ್ಲಿ ಅವರ ಹೆಸರಿನ ಸಾಲು ಬೀಳುತ್ತದೆ. ಓದು ಮುಗಿಸಿ ಹೋದವರ ಖಾತೆಯನ್ನು 'ನೋ ಯೂಸರ್‌ನೇಮ್' ಕೊಟ್ಟು ತೆಗೆಯುತ್ತೇವೆ, ಕೊನೆಗೆ 'ರೈಟ್ ಮೆಮೊರಿ' ಕೊಡುತ್ತೇವೆ. ಅದು ಮರೆತರೆ ಕರೆಂಟ್ ಹೋಗಿ ಬಂದ ಕೂಡಲೇ ತೆಗೆದ ಖಾತೆಯೂ ವಾಪಸ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಉಂಟು.