ಉಬ್ಬಿದ ಜಿರಾಫೆ

ಅಡ್ವಾನ್ಸ್ ಆಗಿ ಕೊಟ್ಟ ನಾಲ್ಕು ಸಾವಿರದಲ್ಲಿ ಪಿ.ಜಿ. ಬಾಡಿಗೆಯ ಬಾಕಿ ಕಟ್ಟಿ ನಿರಾಳವಾಗಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಜಿರಾಫೆಯ ಕುತ್ತಿಗೆ ಉಬ್ಬಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬಣ್ಣದ ಪದರ ಹಪ್ಪಳದ ಹಾಗೆ ಮುರಿದು, ಒಳಗಿನಿಂದ ಬಿಳಿ ಪುಡಿ ಉದುರಿತು.

ತ್ಯಾಗರಾಜನಗರದ ಹಳೇ ಮನೆ ಅದು. ಆರು ವರ್ಷದ ಮಗಳ ಕೋಣೆಯ ಒಂದು ಗೋಡೆಗೆ ಚಿತ್ರ ಬರೆದುಕೊಡಿ ಅಂತ ನಮ್ಮ ಪಿ.ಜಿ. ಆಂಟಿಯ ಪರಿಚಯದವರು ಕೇಳಿದ್ದರು. ನಾನು ಬಿ.ಕಾಂ. ಮುಗಿಸಿ ಎಂಟು ತಿಂಗಳಾಗಿತ್ತು. ‘ತಿಳಿಸ್ತೀವಿ’ ಅಂದ ಕಂಪನಿಗಳನ್ನು ಎಣಿಸುವುದನ್ನೂ ಬಿಟ್ಟಿದ್ದೆ. ಕಾಲೇಜು ಫೆಸ್ಟ್‌ಗೆ ಬ್ಯಾನರ್ ಬರೆದದ್ದು ಬಿಟ್ಟರೆ ಬೇರೆ ಅನುಭವವಿಲ್ಲ. ಆದರೂ ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಗೋಡೆಗೆ ಸಾಮಾನೂ ಸೇರಿ ಹನ್ನೆರಡು ಸಾವಿರ ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಅವರು ಮೊಬೈಲಿನಲ್ಲಿ ತೋರಿಸಿದ ಕಾಡಿನ ಚಿತ್ರವನ್ನೇ ಚೌಕ ಹಾಕಿಕೊಂಡು ಗೋಡೆಗೆ ಇಳಿಸಿದೆ.

ಉಬ್ಬು ಕಂಡಾಗ ಮೊದಲು ಹೊಳೆದದ್ದು ಮುಚ್ಚಿಹಾಕುವ ಉಪಾಯ. ಕೆರೆದು, ಪುಟ್ಟಿ ಮೆತ್ತಿ, ಮೇಲೊಂದು ದೊಡ್ಡ ಎಲೆ ಬರೆದೆ. ಇನ್ನಷ್ಟು ಹಸಿರು ಬೇಕಾಯಿತು. ಎನ್.ಆರ್. ಕಾಲೊನಿಯ ಬಣ್ಣದ ಅಂಗಡಿಗೆ ಹೋದಾಗ ಅಲ್ಲಿ ಬ್ರಷ್ ಆರಿಸುತ್ತಿದ್ದ ವಯಸ್ಸಾದ ಪೇಂಟರ್ ಒಬ್ಬರು ನನ್ನ ಗೋಳು ಕೇಳಿಸಿಕೊಂಡರು.

‘ಗೋಡೆಯ ಆ ಕಡೆ ಏನಿದೆಯಮ್ಮ?’

‘ಬಚ್ಚಲು.’

‘ಹಾಗಾದ್ರೆ ನಿನ್ನ ಜಿರಾಫೆ ಸ್ನಾನ ಮಾಡ್ತಿದೆ. ಎಷ್ಟು ಎಲೆ ಅಂತ ಬರೀತೀಯ?’

ಸಿನಿಮಾ ಕಟೌಟ್ ಬರೆಯುತ್ತಿದ್ದವರಂತೆ. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಹೋಯಿತು. 2009ರ ಸುಮಾರಿಗೆ ಪಾಲಿಕೆಯವರು ಬೆಂಗಳೂರಿನ ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಿದಾಗ ಇಂಥ ಎಷ್ಟೋ ಜನ ಮತ್ತೆ ಬ್ರಷ್ ಹಿಡಿದಿದ್ದರು. ಅವರು ಹೇಳಿಕೊಟ್ಟ ಪರೀಕ್ಷೆ ಸುಲಭದ್ದು: ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಬೇಕು. ಮರುದಿನ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯೊಳಗೇ ಇದೆ. ಅಂಟಿಸಿದೆ. ಮರುದಿನ ಹನಿಯಲ್ಲ, ಗೆರೆ ಗೆರೆಯಾಗಿ ನೀರು ಇಳಿಯುತ್ತಿತ್ತು.

ಹೇಳದೇ ವಿಧಿಯಿರಲಿಲ್ಲ. ಬಾಗಿಲ ಬಳಿ ನಿಂತೇ ಒಂದೇ ಉಸಿರಿಗೆ ಒಪ್ಪಿಸಿದೆ. ‘ಆಂಟಿ, ಇದು ನಿಲ್ಲಲ್ಲ. ಎಲ್ಲಾ ಕೆರೆದು ಮತ್ತೆ ಬರೀಬೇಕು. ಅಡ್ವಾನ್ಸ್ ಖರ್ಚಾಗಿಹೋಗಿದೆ.’ ಅವರು ಸ್ವಲ್ಪ ಹೊತ್ತು ಗೋಡೆ ನೋಡಿ, ‘ಮೊದಲೇ ನೋಡ್ಬೇಕಿತ್ತಲ್ವಾ?’ ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹಾಳಾದ ಬಣ್ಣದ ದುಡ್ಡು ನನ್ನದು, ಮತ್ತೆ ಬರೆಯುವುದಕ್ಕೆ ಕೂಲಿ ಬೇಡ ಅಂದೆ. ‘ಪೈಪ್ ನಮ್ಮದು, ಅದನ್ನ ನಾವು ಸರಿ ಮಾಡಿಸ್ತೀವಿ’ ಅಂದರು. ಪ್ಲಂಬರ್ ಎರಡು ಟೈಲ್ಸ್ ಒಡೆದಾಗ ಜಾಯಿಂಟಿನಲ್ಲಿ ಸೋರುತ್ತಿದ್ದುದು ಸಿಕ್ಕಿತು.

ಕೆರೆಯುವ ಮೊದಲು ಪುಟ್ಟಿ ಬಂದು ಕೇಳಿದಳು, ‘ಅಕ್ಕ, ಜಿರಾಫೆ ಮತ್ತೆ ಬರುತ್ತಾ?’

‘ಬೇಡ್ವಾ?’

‘ಅದಕ್ಕೆ ಮುಖಾನೇ ಇಲ್ಲ.’

ಮುಖವಿತ್ತು, ಎಂಟಡಿ ಎತ್ತರದಲ್ಲಿ. ಅವಳ ಮಂಚದ ಮೇಲೆ ಮಲಗಿ ನೋಡಿದೆ. ಫ್ಯಾನ್ ಅಡ್ಡ ಬಂದು, ಕಾಣುತ್ತಿದ್ದುದು ನಾಲ್ಕು ಕಾಲು, ಒಂದು ಹೊಟ್ಟೆ. ನಾನು ನಿಂತು ಬರೆದಿದ್ದೆ, ಅವಳ ಅಪ್ಪ ಅಮ್ಮ ನಿಂತು ಮೆಚ್ಚಿದ್ದರು. ಏನು ಬೇಕು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ತಟ್ಟನೆ ಬಂತು ಉತ್ತರ: ‘ಕಡಲೆಕಾಯಿ ಪರಿಷೆ!’

ಗೋಡೆ ಒಣಗಲು ಮೂರು ವಾರ ಬಿಟ್ಟೆವು. ಮೇಲೆ ಬಂದಿದ್ದ ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು; ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಆ ಬಿಡುವಿನಲ್ಲಿ ಊರಿಗೆ, ಸಾಗರಕ್ಕೆ ಹೋಗಿದ್ದೆ. ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಪುಂಡಿ ನಾರಿನ ಕುಂಚ. ನನ್ನ ಕಥೆ ಕೇಳಿದ ಅಜ್ಜಿ ಕೇಳಿದ್ದು ಒಂದೇ ಮಾತು: ‘ಗೋಡೆ ಒಣಗಿತ್ತೇನೇ?’ ಅದನ್ನು ಚಿಕ್ಕಂದಿನಿಂದ ನೋಡಿದವಳು ನಾನು!

ಎರಡನೇ ಸಲ ಅಂಗೈಯಿಟ್ಟು ಗೋಡೆ ಮುಟ್ಟಿ, ಪ್ಲಾಸ್ಟಿಕ್ ಅಂಟಿಸಿ ನೋಡಿ, ಪ್ರೈಮರ್ ಹೊಡೆದ ಮೇಲೇ ಪೆನ್ಸಿಲ್ ಹಿಡಿದೆ. ಅಟ್ಟದಲ್ಲಿದ್ದ ಹಳೇ ಎನಾಮಲ್ ಡಬ್ಬಿಗಳನ್ನು ಆಂಟಿ ಕೊಡಲು ಬಂದರು, ಬೇಡ ಅಂದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ. ಮಕ್ಕಳು ಗೋಡೆ ಕೆರೆದು ಬೆರಳು ಬಾಯಿಗಿಡುವವರು. ವಾಸನೆ ಕಡಿಮೆಯ, ನೀರಿನಲ್ಲಿ ಕಲಸುವ ಎಮಲ್ಶನ್ ತಂದೆ.

ಕೆಳಗಿನ ಎರಡಡಿಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬಿಳಿ ಚಿತ್ತಾರದ ಗೆರೆ. ಕೈ ಕೊಳೆ ಅಲ್ಲಿ ಅಷ್ಟು ಕಾಣುವುದಿಲ್ಲ. ಅದರ ಮೇಲೆ, ಮಲಗಿದವಳಿಗೆ ಕಾಣುವಷ್ಟರಲ್ಲಿ, ಬಸವಣ್ಣ, ಕಡಲೆಕಾಯಿ ರಾಶಿ, ಒಂದು ಕಾಯಿ ಕದ್ದು ಓಡುವ ಅಳಿಲು. ಮೇಲೆಲ್ಲ ಬರೀ ರಾತ್ರಿಯ ನೀಲಿ, ಸಾಲು ಬಲ್ಬು. ಮುಗಿಸಿದ ಮರುದಿನ ಅಳಿಲಿನ ಹಿಂದೆ ಕ್ರೆಯಾನಿನಲ್ಲಿ ಎರಡು ಇರುವೆ ಬಂದಿದ್ದವು. ಆಂಟಿ ಒರೆಸಲು ಹೊರಟರು, ನಾನೇ ತಡೆದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇದನ್ನು ಓದುವವರಲ್ಲಿ ಕೆಲಸ ಹುಡುಕುವವರೇ ಹೆಚ್ಚಲ್ಲವಾ. ಹನ್ನೆರಡು ಸಾವಿರದಲ್ಲಿ ಸಾಮಾನಿಗೆ 3,800, ಹಾಳಾದ ಬಣ್ಣಕ್ಕೆ 1,100. ಉಳಿದ 7,100ನ್ನು ಹದಿನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಐನೂರು ಚಿಲ್ಲರೆ. ಲಾಭ ಅನ್ನಲಾರೆ.

ಇಂಟರ್‌ವ್ಯೂಗಳಿಗೆ ಈಗಲೂ ಹೋಗುತ್ತಿದ್ದೇನೆ. ಕಳೆದ ವಾರ ಬನಶಂಕರಿಯಿಂದ ಒಬ್ಬರು ಖಾಲಿ ಗೋಡೆಯ ಫೋಟೊ ಕಳಿಸಿ ರೇಟ್ ಕೇಳಿದರು. ಗೋಡೆಯ ಆ ಕಡೆ ಏನಿದೆ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.