ಅಜ್ಜಿಯ ಕಣ್ಣಿನ ಆಪರೇಷನ್ ಎರಡು ಗಂಟೆ ತಡವಾಗಿದ್ದು ಯಾಕೆ?

ಇವತ್ತು ನಾನು ಒಬ್ಬ ನರ್ಸ್ ಮೇಲೆ ರೇಗಿ, ಆಮೇಲೆ ನಾಚಿಕೊಂಡ ಕಥೆಯಿಂದ ಶುರು ಮಾಡ್ತೀನಿ.

ಹೋದ ವರ್ಷ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಡ್ರಾಪ್ಸ್ ಹಾಕಿ, ಟೋಪಿ ತೊಡಿಸಿ ಕೂರಿಸಿದ್ದರು. ಅಷ್ಟರಲ್ಲಿ ನರ್ಸ್ ಬಂದು, "ಸೆಟ್ ವಾಪಸ್ ಹೋಗಿದೆ, ಸ್ವಲ್ಪ ತಡ ಆಗುತ್ತೆ" ಅಂದರು. ಸ್ವಲ್ಪ ಅಂದ್ರೆ ಎರಡು ಗಂಟೆ. ನಾನು ಜೋರು ಮಾಡಿದೆ. ಅಜ್ಜಿನೇ ಗದರಿದ್ದು: "ಸುಮ್ನೆ ಕೂತ್ಕೋ, ಕಣ್ಣು ನಂದು."

ಸೆಟ್ ಅಂದ್ರೆ ಆಪರೇಷನ್ನಿನ ಉಪಕರಣಗಳ ಕಟ್ಟು. ಅದು ವಾಪಸ್ ಹೋಗಿದ್ದು ಆಟೊಕ್ಲೇವ್‌ಗೆ. ಅಲ್ಲಿನ ಟೆಕ್ನಿಷಿಯನ್ ಒಬ್ಬರು ಆಮೇಲೆ ನನಗೆ ಪಾಠ ಮಾಡಿದರು. ನಾನು ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಅರ್ಥವಾದ ಹಾಗೇ ಹೇಳ್ತೀನಿ.

ನೀರಲ್ಲಿ ಕುದಿಸಿದ್ರೆ ಸಾಲಲ್ವಾ? ಸಾಲಲ್ಲ. ಸಮುದ್ರ ಮಟ್ಟದಲ್ಲಿ ನೀರು ಕುದಿಯೋದು 100 ಡಿಗ್ರಿಗೆ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ. ಟೆಟನಸ್ ತರುವಂಥ ಕೆಲವು ಬ್ಯಾಕ್ಟೀರಿಯಾಗಳು ಸ್ಪೋರ್ ಅನ್ನೋ ಗಟ್ಟಿ ಚಿಪ್ಪಿನ ರೂಪಕ್ಕೆ ಹೋಗ್ತವೆ. ಆ ಸ್ಪೋರ್‌ಗಳು ಕುದಿಯೋ ನೀರನ್ನೂ ತಡೆದುಕೊಳ್ಳಬಲ್ಲವು. ನೀರನ್ನು ಎಷ್ಟೇ ಕುದಿಸಿದರೂ ಬಿಸಿ ಮಾತ್ರ ಅಲ್ಲೇ ನಿಲ್ಲುತ್ತೆ. ಮುಚ್ಚಳ ಬಿಗಿದು ಹಬೆಯನ್ನು ಒತ್ತಡದಲ್ಲಿಟ್ಟರೆ ಏರುತ್ತೆ. ವಾತಾವರಣದ ಒತ್ತಡದ ಮೇಲೆ ಚದರ ಇಂಚಿಗೆ 15 ಪೌಂಡ್ ಹಾಕಿದ್ರೆ 121 ಡಿಗ್ರಿ.

ಹೌದು, ಇದು ಕುಕ್ಕರ್ ಲೆಕ್ಕವೇ. ಡೆನಿಸ್ ಪಾಪಿನ್ ಮೂಳೆ ಬೇಯಿಸೋಕೆ ಇಂಥ ಪಾತ್ರೆ ಮಾಡಿದ್ದು 1679ರಲ್ಲಿ. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಜೊತೆ ಕೆಲಸ ಮಾಡ್ತಿದ್ದ ಚಾರ್ಲ್ಸ್ ಚೇಂಬರ್ಲ್ಯಾಂಡ್ ಅದೇ ತತ್ವದಿಂದ ಆಟೊಕ್ಲೇವ್ ಮಾಡಿದ್ದು 1879ರಲ್ಲಿ. ಅಣಬೆ ಬೆಳೆಯೋರು ಇವತ್ತಿಗೂ ಕಾಳನ್ನು ಕುಕ್ಕರ್‌ನಲ್ಲಿಟ್ಟೇ ಶುದ್ಧ ಮಾಡ್ತಾರೆ.

ನನಗೆ ತುಂಬಾ ಇಷ್ಟವಾದ ಭಾಗ ಇದು. ಒಣ ಬಿಸಿಯಲ್ಲಿ 160 ಡಿಗ್ರಿಗೆ ಎರಡು ಗಂಟೆ ಬೇಕಾದ ಕೆಲಸ, ಹಬೆಯಲ್ಲಿ 121 ಡಿಗ್ರಿಗೆ 15 ನಿಮಿಷದಲ್ಲಿ ಮುಗಿಯುತ್ತೆ. ಹೇಗೆ? ಬಿಸಿ ಓವನ್ ಒಳಗೆ ಒಂದು ಕ್ಷಣ ಕೈ ಹಾಕಿ ತೆಗೀಬಹುದು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಬಡಿದ ಹಬೆ ಮಾತ್ರ ಬೊಬ್ಬೆ ಎಬ್ಬಿಸಿಯೇ ಬಿಡುತ್ತೆ. ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ತರೋಕೆ 100 ಕ್ಯಾಲರಿ ಸಾಕು. ಅದನ್ನು ಹಬೆ ಮಾಡೋಕೆ ಇನ್ನೂ ಸುಮಾರು 540 ಬೇಕು. ಹಬೆ ತಣ್ಣನೆಯ ಕತ್ತರಿಗೆ ತಗುಲಿ ಮತ್ತೆ ನೀರಾದಾಗ ಅಷ್ಟೂ ಸಾಲವನ್ನು ಅಲ್ಲೇ ತೀರಿಸುತ್ತೆ. ಆ ತೇವ ಮತ್ತು ಬಿಸಿಗೆ ಸೂಕ್ಷ್ಮಜೀವಿಯ ಪ್ರೋಟೀನ್, ಬೆಂದ ಮೊಟ್ಟೆ ಥರ ಗಟ್ಟಿಯಾಗುತ್ತೆ.

ಇಲ್ಲಿ ವಿಲನ್ ಯಾರು ಗೊತ್ತಾ? ಗಾಳಿ. ಬಟ್ಟೆಯ ಮಡಿಕೆಯಲ್ಲಿ ಗಾಳಿ ಉಳಿದರೆ ಹಬೆ ಅಲ್ಲಿಗೆ ಹೋಗಲ್ಲ. ಮೀಟರ್ ಪೂರ್ತಿ ಒತ್ತಡ ತೋರಿಸ್ತಿರುತ್ತೆ, ಆದರೆ ಅದರಲ್ಲಿ ಗಾಳಿಯದ್ದೂ ಪಾಲಿರುತ್ತೆ, ಬಿಸಿ ಮಾತ್ರ ಕಡಿಮೆ. ಅದಕ್ಕೇ ಆಸ್ಪತ್ರೆಯ ದೊಡ್ಡ ಯಂತ್ರಗಳು ಮೊದಲು ಪಂಪಿನಿಂದ ಗಾಳಿ ಎಳೆದು ಹಾಕ್ತವೆ. ಡಬ್ಬಿಗಳನ್ನು ತುರುಕಿ ತುಂಬಬಾರದು ಅನ್ನೋದೂ ಇದಕ್ಕೇ.

ಅಜ್ಜಿಯ ಸೆಟ್ಟಿನಲ್ಲಿ ಆಗಿದ್ದು ಹೀಗೆ: ಹೊರಗಿನ ಟೇಪ್ ಮೇಲೆ ಕಪ್ಪು ಗೆರೆ ಮೂಡಿತ್ತು. ಒಳಗೆ ಇಟ್ಟಿದ್ದ ಸ್ಟ್ರಿಪ್ ಬಣ್ಣ ಪೂರ್ತಿ ಬದಲಾಗಿರಲಿಲ್ಲ. ಹೊರಗಿನ ಟೇಪ್ ಅಂದ್ರೆ ಗೇಟಿನಲ್ಲಿ ಬಿದ್ದ ಸೀಲ್, 'ಈ ಕಟ್ಟು ಯಂತ್ರದೊಳಗೆ ಹೋಗಿ ಬಂದಿದೆ' ಅಷ್ಟೇ. ಒಳಗಿನ ಸ್ಟ್ರಿಪ್ ಗೋಡೌನಿಗೆ ಹೋಗಿ ಸ್ಟಾಕ್ ಎಣಿಸಿದ ಹಾಗೆ. ಆಡಿಟ್ ಕ್ಲಾಸಿನಲ್ಲಿ ನಿದ್ದೆ ಮಾಡದೇ ಇದ್ದಿದ್ರೆ ನನಗೆ ಅವತ್ತೇ ಹೊಳೀಬೇಕಿತ್ತು. ಇವೆರಡರ ಮೇಲೆ ಇನ್ನೊಂದು ಪರೀಕ್ಷೆಯೂ ಇದೆ: ಬಿಸಿಗೆ ಸುಲಭಕ್ಕೆ ಬಗ್ಗದ ಸ್ಪೋರ್‌ಗಳಿರೋ ಪುಟ್ಟ ಸೀಸೆಯನ್ನು ಆಗಾಗ ಒಳಗಿಟ್ಟು, ಅವು ನಿಜವಾಗ್ಲೂ ಸತ್ತವಾ ಅಂತ ಬೆಳೆಸಿ ನೋಡ್ತಾರೆ.

15 ನಿಮಿಷದ ಕೆಲಸಕ್ಕೆ ಎರಡು ಗಂಟೆ ಯಾಕೆ? ಬಿಸಿ ಏರಬೇಕು, ಆಮೇಲೆ ಒಣಗಬೇಕು, ಆರಬೇಕು. ಒದ್ದೆ ಕಟ್ಟನ್ನು ಬಳಸೋ ಹಾಗಿಲ್ಲ, ತೇವದ ಬಟ್ಟೆ ಹೊರಗಿನ ಕ್ರಿಮಿಗಳನ್ನು ಒಳಗೆ ಎಳೆದುಕೊಳ್ಳುತ್ತೆ. ಕಣ್ಣಿನೊಳಗೆ ಸೋಂಕಾದ್ರೆ ದೃಷ್ಟಿಯೇ ಹೋಗಬಹುದು.

ಮುಂದಿನ ಸಲ ಹಲ್ಲಿನ ಡಾಕ್ಟರ್ ಹತ್ರ ಹೋದಾಗ, ಪೌಚ್ ನಿಮ್ಮೆದುರೇ ಒಡೀತಾರಾ, ಗುರುತಿನ ಬಣ್ಣ ಬದಲಾಗಿದೆಯಾ, ಕೇಳಿ. ಸಂಕೋಚ ಬೇಡ.

ಅಜ್ಜಿ ಈಗ ಕನ್ನಡಕ ಇಲ್ಲದೇ ಅಕ್ಕಿ ಆರಿಸ್ತಾರೆ. ನನ್ನ ಮುಖದ ಮೊಡವೆಯನ್ನೂ ಎಣಿಸ್ತಾರೆ.